ಮನೆಗೆ ಹೊಸ ಇಂಟರ್ನೆಟ್: ಕೈ ಅವರದ್ದೇ ಇರಲಿ

ಎಲ್ಲರಿಗೂ ನಮಸ್ಕಾರ.

ಪ್ರತಿ ಕುಟುಂಬದಲ್ಲೂ ಒಬ್ಬರಿರುತ್ತಾರೆ. ಫೋನ್ ಹ್ಯಾಂಗ್ ಆದರೆ ಅವರಿಗೇ ಕರೆ, ಟಿವಿಯಲ್ಲಿ ಶಬ್ದ ಬರದಿದ್ದರೂ ಅವರಿಗೇ ಕರೆ. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಅಂಥವರೇ ಇರಬೇಕು, ಇಲ್ಲದಿದ್ದರೆ ಇಂಥ ವಿಷಯ ಕೇಳೋಕೆ ಯಾರು ಬರ್ತಾರೆ? ಹಾಗಾಗಿ ರೂಟರ್ ಅಂದರೇನು ಅಂತ ಅ ಆ ಇ ಈಯಿಂದ ಶುರು ಮಾಡುವುದಿಲ್ಲ.

ಹೊಸ ಕನೆಕ್ಷನ್ ದಿನ ಏನಾಗುತ್ತದೆ ಅಂತ ನಿಮಗೆ ಗೊತ್ತು. ಕಂಪನಿಯವರು ಬಂದು ಕೇಬಲ್ ಎಳೆದು, ರೂಟರ್ ಡಬ್ಬ ಕೂರಿಸಿ ಹೋಗುತ್ತಾರೆ. ನೀವು ಎಲ್ಲರ ಫೋನನ್ನೂ ಕೈಗೆ ತೆಗೆದುಕೊಂಡು, ಪಟಪಟ ಅಂತ ಪಾಸ್‌ವರ್ಡ್ ಒತ್ತಿ, "ಆಯ್ತು ನೋಡಿ" ಅಂತ ವಾಪಸ್ ಕೊಡುತ್ತೀರಿ. ಮನೆಯವರಿಗೆ ಖುಷಿ. ನನ್ನ ಲೆಕ್ಕದಲ್ಲಿ ಕೆಲಸ ಇನ್ನೂ ಅರ್ಧವೂ ಆಗಿಲ್ಲ. ನೀವು ದೂರದಲ್ಲಿರುವಾಗ ನೆಟ್ ನಿಂತರೆ, ಆ ಮನೆಯವರು ಫೋನಿನಲ್ಲಿ ನಿಮಗೆ ಸರಿಯಾಗಿ ವಿವರ ಹೇಳಬಲ್ಲರಾ? ಹೇಳಬಲ್ಲರು ಅಂತಾದರೆ ಕೆಲಸ ಮುಗಿದಿದೆ. ಅದಕ್ಕೇ ನಾನು ಹಿಡಿದಿರುವ ನಿಯಮ ಒಂದೇ: ಡಬ್ಬ, ಕೇಬಲ್, ಫೋನು ಎಲ್ಲವನ್ನೂ ಮುಟ್ಟುವ ಕೈ ಅವರದ್ದೇ ಇರಬೇಕು. ನಮ್ಮ ಕೈ ಬೆನ್ನ ಹಿಂದೆ. ಸಮಯ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಮೊದಲು ಪ್ಲ್ಯಾನ್ ವಿಚಾರ. ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಇದರ ಬಗ್ಗೆ ಜನ ಯೋಚಿಸುವುದೇ ಜಾಸ್ತಿ. "ಎಷ್ಟು ಎಂಬಿಪಿಎಸ್ ಬೇಕು?", ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ವೇಗ ಬೇಕು ಅಂತ ಗೊತ್ತಿಲ್ಲದವರನ್ನು ಕೇಳಿದರೆ ಅವರೇನು ಹೇಳಿಯಾರು. ಸಂಜೆ ಹೊತ್ತು ಮನೆಯಲ್ಲಿ ಯಾರ್ಯಾರು ಏನೇನು ನೋಡುತ್ತಾರೆ ಅಂತ ಕೇಳಿ. ಎಚ್‌ಡಿ ವಿಡಿಯೋ ಒಂದಕ್ಕೆ ಸುಮಾರು 5 ಎಂಬಿಪಿಎಸ್ ಸಾಕು. ವಿಡಿಯೋ ಕಾಲ್ ಒಂದಕ್ಕೆ 3–4. 4ಕೆ ಟಿವಿ ಇದ್ದರೆ ಅದಕ್ಕೊಂದು 25 ಎತ್ತಿಡಿ. ಎರಡು ಟಿವಿ, ಎರಡು ಕಾಲ್ ಒಟ್ಟಿಗೆ ನಡೆದರೂ 50–60 ದಾಟುವುದು ಅಪರೂಪ. ಸಾವಿರ ಎಂಬಿಪಿಎಸ್ ಪ್ಲ್ಯಾನ್ ತೋರಿಸಿ ಮಾರುವವರು ಇದನ್ನು ಹೇಳುವುದಿಲ್ಲ. ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡಿ. ಪ್ಲ್ಯಾನ್‌ನಲ್ಲಿ ಹೇಳುವುದು ಬಿಟ್ ಲೆಕ್ಕ, ಡೌನ್‌ಲೋಡ್ ಆಗುವಾಗ ಪರದೆ ತೋರಿಸುವುದು ಸಾಮಾನ್ಯವಾಗಿ ಬೈಟ್ ಲೆಕ್ಕ. 8 ಬಿಟ್‌ಗೆ ಒಂದು ಬೈಟ್. 100 ಎಂಬಿಪಿಎಸ್ ಕನೆಕ್ಷನ್‌ನಲ್ಲಿ ಸೆಕೆಂಡಿಗೆ 12.5 ಮೆಗಾಬೈಟ್ ಬಂದರೆ ಅದು ಪೂರ್ತಿ ಸ್ಪೀಡೇ, ಯಾರೂ ಮೋಸ ಮಾಡಿಲ್ಲ.

ಇನ್ನು ಡಬ್ಬ ಎಲ್ಲಿ ಕೂರಬೇಕು ಅನ್ನುವುದು. ಇಲ್ಲಿ ಸ್ವಲ್ಪ ನಿಲ್ಲೋಣ. ಮುಂದಿನ ಎಷ್ಟೋ ವರ್ಷಗಳ ತಲೆನೋವು ಹುಟ್ಟುವುದು ಇಲ್ಲೇ.

ಕೇಬಲ್ ಎಳೆಯಲು ಬರುವವರಿಗೆ ಆ ದಿನ ಇನ್ನೂ ನಾಲ್ಕು ಮನೆ ಇರುತ್ತದೆ. ಕೇಬಲ್ ಒಳಗೆ ಬರುವ ಕಿಟಕಿಯ ಪಕ್ಕದಲ್ಲೇ ಡಬ್ಬ ಕೂರಿಸಿದರೆ ಅವರ ಕೆಲಸ ಬೇಗ ಮುಗಿಯುತ್ತದೆ. ಅವರದ್ದು ತಪ್ಪಲ್ಲ. ಆದರೆ ಆ ಕಿಟಕಿ ಮನೆಯ ಒಂದು ಮೂಲೆಯಲ್ಲಿರುತ್ತದೆ, ಅರ್ಧ ಸಿಗ್ನಲ್ ರಸ್ತೆಗೆ ಹೋಗುತ್ತದೆ. ಮನೆಯವರೋ, "ಅದು ನೋಡೋಕೆ ಚೆನ್ನಾಗಿಲ್ಲ" ಅಂತ ಟಿವಿಯ ಹಿಂದೆ ತಳ್ಳುತ್ತಾರೆ, ಇಲ್ಲವೇ ಬೀರುವಿನೊಳಗೆ ಇಡುತ್ತಾರೆ. ಕೇಬಲ್ ಎಳೆಯುವವರು ಬರುವ ಹಿಂದಿನ ದಿನವೇ ಜಾಗ ಗೊತ್ತು ಮಾಡಿಕೊಳ್ಳಿ.

ಹೇಗೆ? ಒಂದು ಸುಲಭದ ಉಪಾಯ ಇದೆ. ನಿಮ್ಮ ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ, ರೂಟರ್ ಇಡಬೇಕೆಂದಿರುವ ಜಾಗದಲ್ಲಿ ಅದನ್ನು ಇಡಿ. ಮನೆಯವರ ಫೋನನ್ನು ಅದಕ್ಕೆ ಕನೆಕ್ಟ್ ಮಾಡಿಸಿ. ಈಗ ಅವರನ್ನೇ ಮನೆಯೆಲ್ಲ ಓಡಾಡಿಕೊಂಡು ಬರಲು ಹೇಳಿ. ಅಡುಗೆಮನೆ, ಮಲಗುವ ಕೋಣೆ, ಮಹಡಿ. ಎಲ್ಲಿ ಗೀಟು ಕಡಿಮೆಯಾಯಿತು ಅಂತ ಅವರೇ ನೋಡಲಿ. ಫೋನಿನ ಹಾಟ್‌ಸ್ಪಾಟ್ ಸಾಮಾನ್ಯವಾಗಿ ರೂಟರ್‌ಗಿಂತ ದುರ್ಬಲ. ಅದು ತಲುಪಿದ ಕಡೆಗೆ ರೂಟರ್ ಧಾರಾಳವಾಗಿ ತಲುಪುತ್ತದೆ. ಮುಖ್ಯ ಏನೆಂದರೆ, ಗೋಡೆ ಅಡ್ಡ ಬಂದರೆ ಏನಾಗುತ್ತದೆ ಅನ್ನುವುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಆಮೇಲೆ ಡಬ್ಬವನ್ನು ಬೀರುವಿನೊಳಗೆ ಇಡುವ ಮಾತು ಎತ್ತುವುದಿಲ್ಲ.

ಗೋಡೆ ಅಂದರೆ ಎಲ್ಲ ಗೋಡೆಯೂ ಒಂದೇ ಅಲ್ಲ. ಕಬ್ಬಿಣದ ಸರಳು ಇರುವ ಕಾಂಕ್ರೀಟ್ ಸಿಗ್ನಲ್ ನುಂಗುತ್ತದೆ. ದೊಡ್ಡ ಕನ್ನಡಿ, ಫ್ರಿಜ್, ಲೋಹದ ಬೀರು ಅದನ್ನು ತಿರುಗಿಸಿಬಿಡುತ್ತವೆ. ನೀರು ಕೂಡ ಹೀರಿಕೊಳ್ಳುತ್ತದೆ, ಮೀನಿನ ತೊಟ್ಟಿಯ ಹಿಂದೆ ರೂಟರ್ ಇಡಬೇಡಿ. ಮೈಕ್ರೋವೇವ್ ಓವನ್ ಕೆಲಸ ಮಾಡುವುದು ಸುಮಾರು 2.45 ಗಿಗಾಹರ್ಟ್ಸ್‌ನಲ್ಲಿ. ವೈ-ಫೈನ ಒಂದು ತರಂಗಪಟ್ಟಿಯೂ (ಬ್ಯಾಂಡ್) ಅಲ್ಲೇ, 2.4ರಲ್ಲಿ ಇದೆ. ಓವನ್ ಓಡುವಾಗ ಅದರ ಪಕ್ಕದಲ್ಲಿ ವಿಡಿಯೋ ತಡವರಿಸುವುದು ಇದಕ್ಕೇ. ಇನ್ನೊಂದು ಪಟ್ಟಿ 5 ಗಿಗಾಹರ್ಟ್ಸ್. ಅದು ವೇಗ, ಆದರೆ ಗೋಡೆ ದಾಟುವುದರಲ್ಲಿ ಹಿಂದೆ. 2.4 ನಿಧಾನ, ದೂರ ಹೋಗುತ್ತದೆ. ಮನೆಯವರಿಗೆ ಇವೆರಡರ ಕಥೆ ಹೇಳಲೇಬೇಕಾ? ನನ್ನ ಕೇಳಿದರೆ ಬೇಡ. ಎರಡಕ್ಕೂ ಒಂದೇ ಹೆಸರು ಕೊಟ್ಟುಬಿಡಿ, ಫೋನ್ ತಾನೇ ಆರಿಸಿಕೊಳ್ಳಲಿ. ಕೆಲವು ಹಳೆಯ ಪ್ರಿಂಟರ್, ಸ್ಮಾರ್ಟ್ ಪ್ಲಗ್, ಕ್ಯಾಮೆರಾಗಳಿಗೆ 2.4 ಮಾತ್ರ ಗೊತ್ತು. ಅವನ್ನು ಸೇರಿಸುವಾಗ ತೊಂದರೆ ಬಂದರೆ ಆಗ ಬೇರೆ ಬೇರೆ ಹೆಸರು ಕೊಟ್ಟರಾಯಿತು.

ಕೇಬಲ್ ಬಗ್ಗೆ ಒಂದು ಮಾತು. ಈಗ ಹೊಸ ಕನೆಕ್ಷನ್ ಹೆಚ್ಚಿನ ಕಡೆ ಫೈಬರ್. ಆ ತೆಳು ಕೇಬಲ್ ಒಳಗಿರುವುದು ಗಾಜಿನ ಎಳೆ. ಎಳೆಯ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್‌ನಲ್ಲಿ ಎಂಟನೇ ಒಂದು ಭಾಗ. ಅದರಲ್ಲೂ ಬೆಳಕು ಓಡುವ ನಡುಭಾಗ 9 ಮೈಕ್ರಾನ್ ಅಷ್ಟೇ. ಇದನ್ನು ಚೂಪಾಗಿ ಮಡಿಸಿದರೆ ಬೆಳಕು ಪಕ್ಕದಿಂದ ಸೋರಿಹೋಗುತ್ತದೆ. ಕೇಬಲ್ ಮೇಲ್ನೋಟಕ್ಕೆ ಚೆನ್ನಾಗಿಯೇ ಇರುತ್ತದೆ, ನೆಟ್ ಮಾತ್ರ ಇರುವುದಿಲ್ಲ. ಉದ್ದ ಉಳಿದರೆ ದೊಡ್ಡ ಸುರುಳಿಯಾಗಿ ಸುತ್ತಿಡಿ. ಸೋಫಾ ಹಿಂದೆ ಸಿಕ್ಕಿಸುವುದು, ಮೊಳೆ ಹೊಡೆಯುವುದು ಬೇಡ. ತುದಿಯ ಹಸಿರು ಅಥವಾ ನೀಲಿ ಪ್ಲಗ್ಗನ್ನು ಬಿಚ್ಚಿ ಒಳಗೆ ಇಣುಕುವುದೂ ಬೇಡ. ಅಲ್ಲಿ ಓಡುವ ಬೆಳಕು ಕಣ್ಣಿಗೆ ಕಾಣದ ಇನ್ಫ್ರಾರೆಡ್. ಬೆರಳಿನ ಜಿಡ್ಡೋ ಒಂದು ಕಣ ಧೂಳೋ ತುದಿಗೆ ಕೂತರೂ ಸಿಗ್ನಲ್ ಕುಸಿಯುತ್ತದೆ. ಇದನ್ನೆಲ್ಲ ಮನೆಯ ಯಜಮಾನರಿಗೆ ಹೇಳಿದರೆ ಸಾಲದು. ಕಸ ಗುಡಿಸುವವರು ಯಾರೋ ಅವರಿಗೆ ಹೇಳಬೇಕು. ಡಬ್ಬ ಎತ್ತಿ ಒರೆಸುವವರು ಅವರು ತಾನೇ.

ಈಗ ನನ್ನ ಮಾತಿನ ನಡುಭಾಗಕ್ಕೆ ಬರುತ್ತೇನೆ. ಗೊತ್ತಿಲ್ಲದವರಿಗೆ ನೀವು ಒಂದೇ ಒಂದು ವಿಷಯ ಕಲಿಸಬೇಕು ಅಂದರೆ ಇದನ್ನು ಕಲಿಸಿ: ವೈ-ಫೈ ಬೇರೆ, ಇಂಟರ್ನೆಟ್ ಬೇರೆ. ನಮಗೆ ಇದು ಹೇಳುವ ವಿಷಯವೇ ಅಲ್ಲ ಅನ್ನಿಸುತ್ತದೆ, ಅದಕ್ಕೇ ಯಾರೂ ಹೇಳುವುದಿಲ್ಲ. "ವೈ-ಫೈ ಬರ್ತಿಲ್ಲ" ಅಂತ ಫೋನ್ ಬಂದಾಗ ಹತ್ತು ನಿಮಿಷ ಒದ್ದಾಡುತ್ತೇವೆ. ಬೀದಿಯ ನೀರು ನಿಂತರೂ ಮನೆಯೊಳಗಿನ ಪೈಪು, ನಲ್ಲಿ ಎಲ್ಲ ಸರಿಯಾಗಿಯೇ ಇರುತ್ತವೆ, ಅಲ್ವಾ? ಹಾಗೆಯೇ ಫೋನಿನಿಂದ ಡಬ್ಬದವರೆಗಿನ ದಾರಿ ವೈ-ಫೈ. ಡಬ್ಬದಿಂದ ಹೊರಗಿನ ದಾರಿ ಇಂಟರ್ನೆಟ್. ಮೊದಲನೆಯದು ಮನೆಯವರ ಕೈಯಲ್ಲಿದೆ, ಎರಡನೆಯದು ಕಂಪನಿಯ ಕೈಯಲ್ಲಿ.

ಬಾಯಲ್ಲಿ ಹೇಳಿದರೆ ಇದು ತಲೆಗೆ ಹೋಗುವುದಿಲ್ಲ. ಮಾಡಿ ತೋರಿಸಿ, ಅಂದರೆ ಅವರ ಕೈಯಲ್ಲೇ ಮಾಡಿಸಿ. ಎಲ್ಲ ಸರಿಯಾಗಿ ನಡೆಯುತ್ತಿರುವಾಗ, ರೂಟರ್‌ಗೆ ಹೊರಗಿನಿಂದ ಬರುವ ಇಂಟರ್ನೆಟ್ಟನ್ನು ಬೇಕೆಂದೇ ನಿಲ್ಲಿಸಿ. ಫೈಬರ್ ಬರುವ ಡಬ್ಬ ಬೇರೆ, ರೂಟರ್ ಬೇರೆ ಅಂತ ಎರಡು ಡಬ್ಬ ಇದ್ದರೆ ನಡುವಿನ ಕೇಬಲ್ ಬಿಚ್ಚಿಸಿ. ಅದು ಸಾಮಾನ್ಯ ನೆಟ್‌ವರ್ಕ್ ಕೇಬಲ್, ಗಾಜಿನದ್ದಲ್ಲ. ಒಂದೇ ಡಬ್ಬ ಇದ್ದರೆ ಅದರ ಸೆಟ್ಟಿಂಗ್‌ನಲ್ಲಿ ಕನೆಕ್ಷನ್ ಕಡಿದುಹಾಕಿ. ಈಗ ಅವರ ಫೋನು ನೋಡಲು ಹೇಳಿ. ವೈ-ಫೈ ಗುರುತು ಹಾಗೇ ಇದೆ, ಪಕ್ಕದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಬಂದಿರಬಹುದು. ವಿಡಿಯೋ ಮಾತ್ರ ಓಡುವುದಿಲ್ಲ. ಕೇಬಲ್ ವಾಪಸ್ ಹಾಕಿಸಿ. ಆಮೇಲೆ ರೂಟರ್ ಸ್ವಿಚ್ಚನ್ನೇ ಆರಿಸಲು ಹೇಳಿ. ಈಗ ವೈ-ಫೈ ಗುರುತೇ ಹೋಯಿತು. ಎರಡು ಥರದ ಸಾವು ಹೇಗಿರುತ್ತದೆ ಅಂತ ಅವರಿಗೆ ಗೊತ್ತಾಯಿತು. ಐದು ನಿಮಿಷದ ಪಾಠ ಇದು.

ಡಬ್ಬದ ಮೇಲಿನ ದೀಪಗಳ ಕಥೆಯೂ ಹೀಗೇ. ಕಂಪನಿಯಿಂದ ಕಂಪನಿಗೆ ಹೆಸರು ಬೇರೆ, ಬಣ್ಣ ಬೇರೆ. ಫೈಬರ್ ಡಬ್ಬದಲ್ಲಿ ಸಾಮಾನ್ಯವಾಗಿ ಪಿಒಎನ್ ಅಂತ ಒಂದಿರುತ್ತದೆ, ಅದು ಮಿಣುಕದೆ ಹಸಿರಾಗಿ ಉರಿಯುತ್ತಿರಬೇಕು. ಎಲ್‌ಒಎಸ್ ಅಂತ ಇನ್ನೊಂದು, ಅದು ಕೆಂಪಾದರೆ ಬೆಳಕು ಡಬ್ಬಕ್ಕೆ ತಲುಪುತ್ತಿಲ್ಲ ಅಂತ ಅರ್ಥ. ಇವನ್ನು ಬಾಯಿಪಾಠ ಮಾಡಿಸಬೇಡಿ. ಎಲ್ಲ ಚೆನ್ನಾಗಿ ನಡೆಯುತ್ತಿರುವಾಗ ಡಬ್ಬದ ಒಂದು ಫೋಟೋ ತೆಗೆಸಿ, ಪ್ರಿಂಟ್ ಹಾಕಿಸಿ ಪಕ್ಕದ ಗೋಡೆಗೆ ಅಂಟಿಸಿ. ತೊಂದರೆ ಬಂದಾಗ ಮಾತು ಹೀಗೆ ಸಾಗುತ್ತದೆ:

"ದೊಡ್ಡಮ್ಮ, ವೈ-ಫೈ ಗುರುತು ಇದೆಯಾ?"

"ಇದೆ ಕಣೋ. ಒಳಗೇನೂ ಬರ್ತಿಲ್ಲ, ಗುಂಡಗೆ ಸುತ್ತುತ್ತಾ ಕೂತಿದೆ."

"ಸರಿ, ಡಬ್ಬದ ಹತ್ರ ಹೋಗಿ. ಫೋಟೋದಲ್ಲಿ ಇಲ್ಲದ್ದು ಏನಾದ್ರೂ ಕಾಣ್ತಿದೆಯಾ?"

"ಒಂದು ಕೆಂಪು ಲೈಟು. ಫೋಟೋದಲ್ಲಿ ಅದು ಇಲ್ಲ."

"ಹಾಗಾದ್ರೆ ಏನೂ ಮುಟ್ಟಬೇಡಿ. ಕೇಬಲ್ ಎಲ್ಲಾದ್ರೂ ಮಡಿಸಿದೆಯಾ ಅಂತ ಮಾತ್ರ ನೋಡಿ. ಇಲ್ಲದಿದ್ರೆ ಕಂಪನಿಗೆ ಫೋನ್ ಮಾಡಿ, ಕೆಂಪು ಲೈಟ್ ಬಂದಿದೆ ಅನ್ನಿ."

ಇಷ್ಟೇ. ನೀವು ಹೋಗುವ ಕೆಲಸವಿಲ್ಲ. ಕಂಪನಿಯವರಿಗೂ "ನೆಟ್ ಇಲ್ಲ" ಅನ್ನುವುದಕ್ಕಿಂತ "ಕೆಂಪು ಲೈಟ್" ಅನ್ನುವುದು ಬೇಗ ಅರ್ಥವಾಗುತ್ತದೆ.

ಪಾಸ್‌ವರ್ಡ್‌ಗೆ ಬರೋಣ. ಮನೆಯಲ್ಲಿ ಮೊದಲೇ ಒಂದು ಕನೆಕ್ಷನ್ ಇದ್ದು ಈಗ ಬದಲಾಯಿಸುತ್ತಿದ್ದರೆ, ನಿಮ್ಮ ಕೆಲಸವನ್ನು ಮುಕ್ಕಾಲು ಪಾಲು ಇಳಿಸುವ ಒಂದು ದಾರಿ ಇದೆ. ಹೊಸ ರೂಟರ್‌ಗೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಕೊಡಿ. ದೊಡ್ಡಕ್ಷರ ಸಣ್ಣಕ್ಷರ ಸಹಿತ ಅದೇ. ಹಳೆಯ ರೂಟರ್ ಆಫ್ ಮಾಡಿ. ಫೋನು, ಟಿವಿ, ಪ್ರಿಂಟರ್ ಎಲ್ಲವೂ ಏನೂ ಆಗಿಲ್ಲವೆಂಬಂತೆ ತಾವೇ ಬಂದು ಸೇರಿಕೊಳ್ಳುತ್ತವೆ. ಯಾವುದಾದರೂ ಹಳೆಯ ಸಾಧನ ಮುನಿಸಿಕೊಂಡರೆ ಭದ್ರತೆಯ ಸೆಟ್ಟಿಂಗ್ ನೋಡಿ. ಡಬ್ಲ್ಯುಪಿಎ3 ಅನ್ನುವ ವೈ-ಫೈ ಭದ್ರತೆಯ ಹೊಸ ವಿಧಾನ ಬಂದಿದ್ದು 2018ರಲ್ಲಿ, ಅದಕ್ಕಿಂತ ಹಳೆಯ ಎಷ್ಟೋ ಸಾಧನಗಳಿಗೆ ಅದು ಬಾರದು. ಡಬ್ಲ್ಯುಪಿಎ2 ಮತ್ತು 3 ಎರಡೂ ಸೇರಿದ ಆಯ್ಕೆ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಳೆಯ ಪಾಸ್‌ವರ್ಡ್ ಊರಿಗೆಲ್ಲ ಗೊತ್ತಿದ್ದರೆ ಮಾತ್ರ ಈ ದಾರಿ ಬೇಡ.

ಹೊಸದಾಗಿ ಇಡುವುದಾದರೆ, ಅದನ್ನು ಟಿವಿ ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತುವವರು ಯಾರು ಅಂತ ಯೋಚಿಸಿ. ವೈ-ಫೈ ಪಾಸ್‌ವರ್ಡ್ 8ರಿಂದ 63 ಅಕ್ಷರದವರೆಗೆ ಇರಬಹುದು. ಡಾಲರ್ ಚಿಹ್ನೆ, ಹ್ಯಾಶ್ ಎಲ್ಲ ತುರುಕಿದ 8 ಅಕ್ಷರಕ್ಕಿಂತ, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ ಬರೆದರೆ ಭದ್ರತೆಯೂ ಜಾಸ್ತಿ, ನೆನಪೂ ಉಳಿಯುತ್ತದೆ. ಫೋನಿನಲ್ಲಿ ಹೇಳಲೂ ಸುಲಭ. ಪದಗಳನ್ನು ಅವರೇ ಆರಿಸಲಿ. ಮೊಮ್ಮಗುವಿನ ಹೆಸರು, ಮನೆ ಹೆಸರು ಮಾತ್ರ ಬೇಡ.

ಇದಲ್ಲದೆ ರೂಟರ್‌ನ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡ್ ಒಂದಿದೆ. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಅಂತ ಹೊಡೆದರೆ ಬರುತ್ತದಲ್ಲ, ಅದು. ಎಷ್ಟೋ ಡಬ್ಬಗಳಲ್ಲಿ ಅದು ಕಾರ್ಖಾನೆಯಿಂದ ಬಂದ ಹಾಗೇ ಉಳಿದುಬಿಡುತ್ತದೆ. 2016ರಲ್ಲಿ ಮಿರಾಯ್ ಅನ್ನುವ ಕುತಂತ್ರಾಂಶ ಹಬ್ಬಿದ್ದು ಇಂಥ ಬಾಗಿಲಿನಿಂದಲೇ. ಅದರ ಬಳಿ ಇದ್ದದ್ದು ಕಾರ್ಖಾನೆಯ ಬಳಕೆದಾರ ಹೆಸರು, ಪಾಸ್‌ವರ್ಡ್‌ಗಳ ಅರವತ್ತು ಚಿಲ್ಲರೆ ಜೋಡಿ ಮಾತ್ರ. ಅಷ್ಟರಲ್ಲೇ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳೊಳಗೆ ಹೊಕ್ಕು, ಆ ಅಕ್ಟೋಬರ್‌ನಲ್ಲಿ ತಾಣಗಳ ಹೆಸರಿನಿಂದ ಅವುಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ದಾಳಿ ಮಾಡಿ, ದೊಡ್ಡ ದೊಡ್ಡ ತಾಣಗಳೇ ಗಂಟೆಗಟ್ಟಲೆ ಸಿಗದ ಹಾಗೆ ಮಾಡಿತ್ತು. ಈ ಒಂದು ಕೆಲಸವನ್ನು ನೀವೇ ಮಾಡಿ, ಕೈ ಬೆನ್ನ ಹಿಂದೆ ಅನ್ನುವ ನಿಯಮಕ್ಕೆ ಇಲ್ಲಿ ರಜೆ. ಒಳಗೆ ಹೋದಾಗ ಡಬ್ಲ್ಯುಪಿಎಸ್ ಅನ್ನುವುದನ್ನೂ, ಅಂದರೆ ಪಾಸ್‌ವರ್ಡ್ ಹೊಡೆಯದೆ ಬಟನ್ ಅಥವಾ ಪಿನ್‌ನಿಂದ ಸಾಧನ ಸೇರಿಸುವ ಸೌಲಭ್ಯವನ್ನು, ಆಫ್ ಮಾಡಿ ಬನ್ನಿ. ಅದರ ಪಿನ್‌ಗೆ 8 ಅಂಕಿ ಇದ್ದರೂ, ಅದನ್ನು ಎರಡು ಭಾಗ ಮಾಡಿ ಪರೀಕ್ಷಿಸುತ್ತದೆ. ಹಾಗಾಗಿ ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಸಿಕ್ಕಿಬಿಡುತ್ತದೆ ಅಂತ 2011ರಲ್ಲೇ ಬಯಲಾಗಿದೆ.

ಹೊರಡುವ ಮುಂಚೆ ಒಂದು ಚೀಟಿ ಬರೆಸಿ. ಅವರ ಕೈಬರಹದಲ್ಲೇ, ಅವರ ಭಾಷೆಯಲ್ಲೇ. ವೈ-ಫೈ ಹೆಸರು, ಪಾಸ್‌ವರ್ಡ್, ಗ್ರಾಹಕ ಸಂಖ್ಯೆ, ಕಂಪನಿಯ ಸಹಾಯವಾಣಿ. "ಆರಿಸಿ ಹಾಕುವುದು" ಹೇಗೆ ಅನ್ನುವುದೂ ಅದರಲ್ಲಿರಲಿ: ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಡಿ, ಹಾಕಿ, ಐದು ನಿಮಿಷ ಸುಮ್ನೆ ಇರಿ. ಈ ಕೊನೆಯ ಐದು ನಿಮಿಷವನ್ನು ದೊಡ್ಡದಾಗಿ ಬರೆಸಿ. ಜನ ಒಂದು ನಿಮಿಷಕ್ಕೇ ತಾಳ್ಮೆಗೆಟ್ಟು ಮತ್ತೆ ಆರಿಸುತ್ತಾರೆ, ಅದು ಎದ್ದೇಳುವುದೇ ಇಲ್ಲ. ಎರಡು ಡಬ್ಬ ಇದ್ದರೆ ಫೈಬರ್ ಬರುವ ಡಬ್ಬ ಮೊದಲು, ರೂಟರ್ ಆಮೇಲೆ.

ಡಬ್ಬದ ಹಿಂದೆ ಸೂಜಿ ಹೋಗುವಷ್ಟು ಸಣ್ಣ ತೂತಿನೊಳಗೆ ಒಂದು ಬಟನ್ ಇರುತ್ತದೆ. ರೀಸೆಟ್. ಅದನ್ನು ತೋರಿಸಿ, ಮೇಲೆ ಒಂದು ಟೇಪ್ ಅಂಟಿಸಿಬಿಡಿ. ಹತ್ತು ಸೆಕೆಂಡ್ ಒತ್ತಿ ಹಿಡಿದರೆ ನೀವು ಹಾಕಿದ್ದೆಲ್ಲ ಅಳಿಸಿಹೋಗುತ್ತದೆ. ಕಂಪನಿಯವರು ಹಾಕಿದ ಲಾಗಿನ್ ವಿವರ ರೂಟರ್‌ನಲ್ಲೇ ಇದ್ದರೆ ಅದೂ ಹೋಗುತ್ತದೆ. ಆಮೇಲೆ ಎಷ್ಟು ಸಲ ಆರಿಸಿ ಹಾಕಿದರೂ ನೆಟ್ ಬಾರದು.

ವಂಚನೆಯ ಕರೆಗಳ ಬಗ್ಗೆ ಹೇಳದೆ ಬರಬೇಡಿ. ಹೊಸ ಕನೆಕ್ಷನ್ ಬಂದವರು ಇಂಥದ್ದನ್ನು ಬೇಗ ನಂಬುತ್ತಾರೆ. "ನಿಮ್ಮ ಇಂಟರ್ನೆಟ್ ಇವತ್ತು ರಾತ್ರಿ ಬಂದ್ ಆಗುತ್ತೆ, ಈ ಆ್ಯಪ್ ಹಾಕ್ಕೊಳ್ಳಿ" ಅಂತ ಕರೆ ಬಂದರೆ ಏನು ಮಾಡಬೇಕು ಅಂತ ಅವರ ಬಾಯಿಂದಲೇ ಹೇಳಿಸಿ. ಫೋನ್ ಇಡುವುದು, ಚೀಟಿಯಲ್ಲಿರುವ ಸಂಖ್ಯೆಗೆ ತಾವೇ ಕರೆ ಮಾಡುವುದು. ಮರ್ಯಾದೆಗೆ ಅಂಜಿ ಫೋನ್ ಇಡದವರೇ ಹೆಚ್ಚು. ಇಂಥ ಕರೆಯನ್ನು ಕಡಿದರೆ ಅದು ಒರಟುತನವಲ್ಲ ಅಂತ ಧೈರ್ಯ ಕೊಡಿ.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇನೆ.

ಮಹಡಿಗೆ ಸಿಗ್ನಲ್ ಬಾರದಿದ್ದರೆ ರಿಪೀಟರ್ ಸಾಕಾ ಅಂತ ಒಬ್ಬರು ಕೇಳಿದರು. ಅಗ್ಗದ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳುತ್ತದೆ, ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸಾಧ್ಯವಿದ್ದರೆ ಒಂದು ನೆಟ್‌ವರ್ಕ್ ಕೇಬಲ್ ಮೇಲಕ್ಕೆ ಎಳೆಸಿ, ಅಲ್ಲೊಂದು ಆ್ಯಕ್ಸೆಸ್ ಪಾಯಿಂಟ್, ಅಂದರೆ ಕೇಬಲ್‌ನಿಂದ ಬಂದದ್ದನ್ನು ವೈ-ಫೈ ಆಗಿ ಹರಡುವ ಡಬ್ಬ, ಇಡಿ. 100 ಮೀಟರ್‌ವರೆಗೆ ತೊಂದರೆಯಿಲ್ಲ. ಎಳೆದ ಮೇಲೆ, ಪ್ಲ್ಯಾನ್ ದೊಡ್ಡದಿದ್ದೂ ವೇಗ 100 ಎಂಬಿಪಿಎಸ್‌ಗೆ ಸ್ವಲ್ಪ ಕಡಿಮೆ ಬಂದು ನಿಂತರೆ, ಒಳಗಿನ ಎಂಟು ತಂತಿಗಳಲ್ಲಿ ಯಾವುದೋ ಒಂದು ಸರಿಯಾಗಿ ಕೂತಿಲ್ಲ ಅಂತ ಅನುಮಾನಪಡಿ. ನಾಲ್ಕೇ ತಂತಿಯಲ್ಲಿ ಅದು 100ರವರೆಗೆ ಓಡುತ್ತದೆ, ಅದರ ಮೇಲೆ ಹೋಗಲು ಎಂಟೂ ಬೇಕು.

ಕರೆಂಟ್ ಹೋದರೆ? ಹಳೆಯ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜ್‌ನಿಂದಲೇ ವಿದ್ಯುತ್ ಬರುತ್ತಿತ್ತು. ಗಾಜಿನ ಎಳೆ ವಿದ್ಯುತ್ ಒಯ್ಯುವುದಿಲ್ಲ. ಮನೆಯ ಫೋನ್ ಕೂಡ ಈ ಡಬ್ಬಕ್ಕೇ ಸೇರಿದ್ದರೆ ಅದೂ ಸತ್ತಂತೆ. ರೂಟರ್‌ಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ಅಡಾಪ್ಟರ್ ಮೇಲೆ ಬರೆದ ವೋಲ್ಟ್ ನೋಡಿ ತೆಗೆದುಕೊಳ್ಳಿ, 12 ಇರುವುದು ಹೆಚ್ಚು, ಆದರೆ 9 ಮತ್ತು 5ರವೂ ಇವೆ. ಎರಡು ಡಬ್ಬ ಇದ್ದರೆ ಎರಡಕ್ಕೂ ಬೇಕು.

ಕೊನೆಯ ಪ್ರಶ್ನೆ ಹಳೆಯ ಕನೆಕ್ಷನ್ ಯಾವಾಗ ತೆಗೆಸಬೇಕು ಅನ್ನುವುದು. ಹೊಸದು ಬಂದ ದಿನವೇ ತೆಗೆಸಬೇಡಿ. ಒಂದೆರಡು ವಾರ ಎರಡೂ ಇರಲಿ, ಒಂದು ತಿಂಗಳ ಬಿಲ್ ಹೋದರೂ ಪರವಾಗಿಲ್ಲ. ಹಳೆಯ ಕಂಪನಿ ಕೊಟ್ಟ ಇಮೇಲ್ ವಿಳಾಸವನ್ನು ಬ್ಯಾಂಕಿಗೋ ಬೇರೆಲ್ಲಿಗೋ ಕೊಟ್ಟಿದ್ದರೆ ಮೊದಲು ಅದನ್ನು ಬದಲಾಯಿಸಿ. ಹಳೆಯ ಡಬ್ಬ ಕಂಪನಿಯದ್ದಾದರೆ ವಾಪಸ್ ಕೊಡಬೇಕಾಗುತ್ತದೆ. ಆ ಡಬ್ಬದ ಮೇಲೆ ಮಾತ್ರ ರೀಸೆಟ್ ಬಟನ್ ಒತ್ತಿ, ಮನೆಯ ಪಾಸ್‌ವರ್ಡ್ ಅಳಿಸಿಹೋಗಲಿ. ಅದರದ್ದೇ ಅಡಾಪ್ಟರ್ ಜೊತೆಗಿದೆಯಾ ಅಂತ ನೋಡಿ. ಕೊಟ್ಟಿದ್ದಕ್ಕೆ ರಸೀದಿ ಇಸ್ಕೊಂಡು ಅದನ್ನು ಚೀಟಿಯ ಹಿಂದೆಯೇ ಅಂಟಿಸಿಡಿ.